ಹಲ್ಲಿನ ಬೇರಿಗೆ ಹಾಕುವ ಸುಣ್ಣ ಮತ್ತು ಅದಕ್ಕೆ ಬಗ್ಗದ ಯೀಸ್ಟ್

(ಹಲ್ಲಿನ ಆರೋಗ್ಯದ ಬಗ್ಗೆ ಸಾರ್ವಜನಿಕರಿಗಾಗಿ ಆಡಿದ ಮಾತಿನ ಬರಹ ರೂಪ ಇದು. ಸಭೆಯಲ್ಲಿ ಕೆಲವು ದಂತ ವೈದ್ಯ ವಿದ್ಯಾರ್ಥಿಗಳೂ ಇದ್ದರು. ಕೊನೆಯಲ್ಲಿ ಕೇಳಿದ ಪ್ರಶ್ನೆಗಳಲ್ಲಿ ಕೆಲವನ್ನು ಸೇರಿಸಿದ್ದೇನೆ.)

ನಮಸ್ಕಾರ. ಇಲ್ಲಿ ಕೂತವರಲ್ಲಿ ರೂಟ್ ಕೆನಾಲ್ ಮಾಡಿಸಿಕೊಂಡವರು ಒಮ್ಮೆ ಕೈ ಎತ್ತಿ. ಅರ್ಧಕ್ಕಿಂತ ಜಾಸ್ತಿ ಕೈ ಕಾಣುತ್ತಿದೆ. ಹಾಗಾದರೆ ನಿಮಗೆ ಈ ಕ್ರಮ ಗೊತ್ತು. ಮೊದಲ ದಿನ ಡಾಕ್ಟರು ಹಲ್ಲು ಕೊರೆದು, ನರ ತೆಗೆದು, ಸಣ್ಣ ಸೂಜಿಯಂಥ ಫೈಲ್‌ಗಳಿಂದ ಬೇರಿನ ಒಳಗೆಲ್ಲ ಉಜ್ಜಿ ತೊಳೆಯುತ್ತಾರೆ. ಆಮೇಲೆ ಏನೋ ಬಿಳಿ ಔಷಧ ತುಂಬಿ, ಮೇಲೆ ಟೆಂಪರರಿ ಸಿಮೆಂಟ್ ಮುಚ್ಚಿ, "ಒಂದು ವಾರ ಬಿಟ್ಟು ಬನ್ನಿ" ಅನ್ನುತ್ತಾರೆ.

ಆ ಬಿಳಿ ಔಷಧ ಬಹುಪಾಲು ಸಲ ಕ್ಯಾಲ್ಸಿಯಂ ಹೈಡ್ರಾಕ್ಸೈಡ್. ಅಂದರೆ ಸುಣ್ಣ. ಎಲೆ ಅಡಿಕೆಗೆ ಹಚ್ಚುವ, ಗೋಡೆಗೆ ಬಳಿಯುವ ಸುಣ್ಣದಲ್ಲಿ ಇರುವ ರಾಸಾಯನಿಕವೇ ಅದು. ಶುದ್ಧ ಮಾಡಿ, ಅಳತೆಯಲ್ಲಿ ಕಲಸಿ, ಸಿರಿಂಜಿನಲ್ಲಿ ತುಂಬಿ ಕೊಡುತ್ತಾರೆ, ಅಷ್ಟೇ ವ್ಯತ್ಯಾಸ.

ಈ ಸುಣ್ಣ ಒಳ್ಳೆಯ ಔಷಧ. ಬೇರಿನೊಳಗಿನ ಹೆಚ್ಚಿನ ಬ್ಯಾಕ್ಟೀರಿಯಾಗಳು ಅದರ ಮುಂದೆ ನಿಲ್ಲುವುದಿಲ್ಲ. ಆದರೆ ನಮ್ಮ ಬಾಯಲ್ಲೇ ಇರುವ ಒಂದು ಯೀಸ್ಟ್ ಇದೆ. ಅದು ಈ ಸುಣ್ಣಕ್ಕೆ ಅಷ್ಟು ಸುಲಭವಾಗಿ ಬಗ್ಗುವುದಿಲ್ಲ. ಅದರ ಹೆಸರು ಕ್ಯಾಂಡಿಡಾ ಆಲ್ಬಿಕನ್ಸ್. ಇವತ್ತಿನ ಮಾತು ಅದರ ಬಗ್ಗೆ. ಅದು ಯಾಕೆ ಬಗ್ಗುವುದಿಲ್ಲ ಅಂತ ತಿಳಿದರೆ ಹಲ್ಲಿನ ಡಾಕ್ಟರಿಗೂ ಉಪಯೋಗ, ಆ ಕುರ್ಚಿಯಲ್ಲಿ ಕೂರುವ ನಿಮಗೂ ಉಪಯೋಗ.

ಮೊದಲು ಹಲ್ಲಿನ ಒಳಗಿನ ಜಾಗ ನೋಡೋಣ. ಹುಳುಕು ಆಳಕ್ಕೆ ಇಳಿದು ತಿರುಳನ್ನು ಮುಟ್ಟಿದರೆ ತಿರುಳು ನಿಧಾನಕ್ಕೆ ಸಾಯುತ್ತದೆ. ನಾವು ಮಾತಿನಲ್ಲಿ ನರ ಅನ್ನುವುದು ಈ ತಿರುಳನ್ನೇ. ಅದರಲ್ಲಿ ನರದ ಜೊತೆ ರಕ್ತನಾಳಗಳೂ ಇರುತ್ತವೆ. ತಿರುಳು ಸತ್ತ ಮೇಲೆ ಅಲ್ಲಿಗೆ ರಕ್ತ ಬರುವುದು ನಿಂತುಹೋಗುತ್ತದೆ. ರಕ್ತ ಬರದಿದ್ದರೆ ಸೋಂಕಿನ ಜೊತೆ ಹೋರಾಡುವ ಬಿಳಿ ರಕ್ತಕಣಗಳೂ ಬರುವುದಿಲ್ಲ, ನೀವು ನುಂಗಿದ ಮಾತ್ರೆಯೂ ತಲುಪುವುದಿಲ್ಲ. ಬರೀ ಆಂಟಿಬಯೋಟಿಕ್ ನುಂಗಿ ಸತ್ತ ಹಲ್ಲನ್ನು ಸರಿ ಮಾಡಲು ಆಗದಿರುವುದು ಇದಕ್ಕೇ. ಒಳಗೆ ಕೈ ಹಾಕಿ ತೊಳೆಯಲೇಬೇಕು.

ತೊಳೆಯುವುದೂ ಸುಲಭವಲ್ಲ. ಬೇರಿನ ಗೋಡೆಗೆ ಡೆಂಟಿನ್ ಅನ್ನುತ್ತೇವೆ. ನೋಡಲು ಗಟ್ಟಿ. ಆದರೆ ಮೈಕ್ರೋಸ್ಕೋಪಿನಲ್ಲಿ ಇಟ್ಟರೆ ಅದರ ತುಂಬ ಕೊಳವೆಗಳು. ತಿರುಳಿನ ಕಡೆ ಒಂದೊಂದು ಕೊಳವೆಯ ಅಗಲ ಸುಮಾರು 2.5 ಮೈಕ್ರಾನ್. ಹೊರಗಡೆಗೆ ಹೋಗುತ್ತಾ ಅದು 1 ಮೈಕ್ರಾನ್ ಹತ್ತಿರಕ್ಕೆ ಇಳಿಯುತ್ತದೆ. ಒಂದು ಮಿಲಿಮೀಟರ್ ಅಂದರೆ 1000 ಮೈಕ್ರಾನ್, ಅಂದಾಜು ಮಾಡಿಕೊಳ್ಳಿ. ಒಂದು ಚದರ ಮಿಲಿಮೀಟರ್ ಜಾಗದಲ್ಲಿ ಇಂಥ ಕೊಳವೆಗಳು ಹತ್ತಾರು ಸಾವಿರ. ನಮ್ಮ ಫೈಲ್ ಅಲ್ಲಿಗೆ ಹೋಗುವುದಿಲ್ಲ. ಹೋಗಬೇಕಾದ್ದು ದ್ರವ, ಇಲ್ಲವೇ ಔಷಧ. ಅಡಗಿ ಕೂರಲು ಸೂಕ್ಷ್ಮಜೀವಿಗಳಿಗೆ ಇದಕ್ಕಿಂತ ಒಳ್ಳೆಯ ಜಾಗ ಬೇಕಾ?

ಸುಣ್ಣವನ್ನು ಹಲ್ಲಿನ ಚಿಕಿತ್ಸೆಗೆ ತಂದದ್ದು ಜರ್ಮನಿಯ ಹರ್ಮನ್, 1920ರಲ್ಲಿ. ನೂರು ವರ್ಷ ದಾಟಿದರೂ ಅದು ಇನ್ನೂ ನಮ್ಮ ಟೇಬಲ್ ಮೇಲಿದೆ. ಅದರ ಶಕ್ತಿ ಇರುವುದು ಕ್ಷಾರ ಗುಣದಲ್ಲಿ. ಪಿಎಚ್ ಅಳತೆಯಲ್ಲಿ 7 ಅಂದರೆ ಶುದ್ಧ ನೀರು. ಅದಕ್ಕಿಂತ ಕೆಳಗೆ ಹುಳಿ, ಮೇಲೆ ಕ್ಷಾರ. ಸುಣ್ಣದ ತಿಳಿನೀರಿನ ಪಿಎಚ್ ಸುಮಾರು 12.5. ಅಷ್ಟು ಕ್ಷಾರದಲ್ಲಿ ಬ್ಯಾಕ್ಟೀರಿಯಾದ ಪೊರೆ ಹಾಳಾಗುತ್ತದೆ, ಒಳಗಿನ ಪ್ರೋಟೀನ್‌ಗಳು ಕೆಡುತ್ತವೆ, ಡಿಎನ್‌ಎಗೂ ಪೆಟ್ಟು ಬೀಳುತ್ತದೆ. ಇನ್ನೊಂದು ಅನುಕೂಲವೂ ಇದೆ. ಸುಣ್ಣ ನೀರಿನಲ್ಲಿ ಬಹಳ ಕಡಿಮೆ ಕರಗುತ್ತದೆ, ಲೀಟರಿಗೆ ಒಂದೂವರೆ ಗ್ರಾಂ ಆಸುಪಾಸು. ಹಾಗಾಗಿ ಪೇಸ್ಟ್ ಆಗಿ ತುಂಬಿದರೆ ಒಂದೇ ಸಲ ಖಾಲಿಯಾಗದೆ ದಿನಗಟ್ಟಲೆ ಸ್ವಲ್ಪ ಸ್ವಲ್ಪವೇ ಕರಗುತ್ತಾ ಕೆಲಸ ಮಾಡುತ್ತದೆ.

ಸ್ವೀಡನ್ನಿನ ಬಿಸ್ಟ್ರೋಮ್ ಮತ್ತು ಸಂಗಡಿಗರು 1985ರಲ್ಲಿ, ಶೋಗ್ರೆನ್ ಮತ್ತು ಸಂಗಡಿಗರು 1991ರಲ್ಲಿ ರೋಗಿಗಳ ಹಲ್ಲಿನಲ್ಲೇ ಇದನ್ನು ಪರೀಕ್ಷಿಸಿದರು. 1991ರ ಕೆಲಸದಲ್ಲಿ ಹತ್ತು ನಿಮಿಷ ಸುಣ್ಣ ಇಟ್ಟರೆ ಸಾಲಲಿಲ್ಲ, ಏಳು ದಿನ ಇಟ್ಟಾಗ ಬ್ಯಾಕ್ಟೀರಿಯಾ ಹೋದವು. ನಾವು "ಒಂದು ವಾರ ಬಿಟ್ಟು ಬನ್ನಿ" ಅನ್ನುವುದಕ್ಕೆ ಇಂಥ ಕೆಲಸಗಳೇ ಆಧಾರ. ಸುಮ್ನೆ ಇನ್ನೊಂದು ಫೀಸಿಗಾಗಿ ಕರೆಯುವುದಲ್ಲ. ಇದನ್ನು ಒತ್ತಿ ಹೇಳುತ್ತಿದ್ದೇನೆ, ಯಾಕೆಂದರೆ ಆ ಅನುಮಾನ ಎಷ್ಟೋ ಜನರ ಮನಸ್ಸಿನಲ್ಲಿದೆ.

ಇನ್ನು ಕ್ಯಾಂಡಿಡಾ. ಇದು ಬ್ಯಾಕ್ಟೀರಿಯಾ ಅಲ್ಲ, ಶಿಲೀಂಧ್ರ. ಬೂಷ್ಟು, ಅಣಬೆ, ಬ್ರೆಡ್ಡಿನ ಯೀಸ್ಟ್ ಇವೆಲ್ಲ ಅದೇ ಬಳಗ. ಆರೋಗ್ಯವಾಗಿರುವ ಜನರಲ್ಲೂ ಮೂರರಲ್ಲಿ ಒಬ್ಬರಿಂದ ಹಿಡಿದು ಇಬ್ಬರಲ್ಲಿ ಒಬ್ಬರ ತನಕ ಇದನ್ನು ಬಾಯಲ್ಲಿ ಇಟ್ಟುಕೊಂಡೇ ಓಡಾಡುತ್ತಾರೆ. ಏನೂ ತೊಂದರೆ ಕೊಡುವುದಿಲ್ಲ. ಹಸುಗೂಸಿನ ನಾಲಿಗೆ ಮೇಲೆ ಹಾಲಿನ ಕೆನೆಯಂತೆ ಕಾಣುವ, ಒರೆಸಿದರೂ ಪೂರ್ತಿ ಹೋಗದ ಬಿಳಿ ಪದರ ನೋಡಿದ್ದೀರಲ್ಲ, ಅದು ಇದೇ. ಕಟ್ಟಿಸಿದ ಹಲ್ಲಿನ ಸೆಟ್ಟನ್ನು ರಾತ್ರಿ ತೆಗೆಯದೆ ಮಲಗುವವರ ಅಂಗುಳು ಕೆಂಪಾಗುವುದಕ್ಕೂ ಹೆಚ್ಚಾಗಿ ಇದೇ ಕಾರಣ. ಸಕ್ಕರೆ ಕಾಯಿಲೆ ಹಿಡಿತದಲ್ಲಿ ಇಲ್ಲದವರು, ಆಸ್ತಮಾಕ್ಕೆ ಸ್ಟೆರಾಯ್ಡ್ ಇನ್‌ಹೇಲರ್ ಎಳೆದು ಬಾಯಿ ಮುಕ್ಕಳಿಸದವರು, ಬಹಳ ದಿನ ಆಂಟಿಬಯೋಟಿಕ್ ತಗೊಂಡವರು, ಇವರ ಬಾಯಲ್ಲಿ ಇದು ಜಾಸ್ತಿಯಾಗುತ್ತದೆ.

ಆಂಟಿಬಯೋಟಿಕ್ ವಿಷಯದಲ್ಲಿ ಒಂದು ನಿಮಿಷ ನಿಲ್ಲೋಣ. ಪೆನ್ಸಿಲಿನ್ ಜಾತಿಯ ಔಷಧ ಬ್ಯಾಕ್ಟೀರಿಯಾದ ಗೋಡೆ ಕಟ್ಟುವ ಕೆಲಸವನ್ನು ನಿಲ್ಲಿಸುತ್ತದೆ. ಯೀಸ್ಟಿನ ಗೋಡೆ ಬೇರೆ ಸಾಮಾನಿನಿಂದ ಕಟ್ಟಿದ್ದು. ಅದಕ್ಕೆ ಪೆನ್ಸಿಲಿನ್ ಏನೂ ಮಾಡುವುದಿಲ್ಲ. ಬದಲಿಗೆ ಪಕ್ಕದಲ್ಲಿದ್ದ ಬ್ಯಾಕ್ಟೀರಿಯಾಗಳು ಸತ್ತು ಜಾಗ ಖಾಲಿಯಾಗುತ್ತದೆ, ಯೀಸ್ಟ್ ಹರಡಿಕೊಳ್ಳುತ್ತದೆ. ಹಲ್ಲು ನೋವು ಬಂದಾಗಲೆಲ್ಲ ಮೆಡಿಕಲ್ ಶಾಪಿನಲ್ಲಿ ನಾಲ್ಕು ಕ್ಯಾಪ್ಸೂಲ್ ತಗೊಂಡು ನುಂಗುವ ಅಭ್ಯಾಸ ಇದೆಯಲ್ಲ, ಅದರ ಒಂದು ಫಲ ಇದು.

ಕ್ಯಾಂಡಿಡಾಗೆ ಎರಡು ರೂಪ. ಒಂದು ದುಂಡನೆಯ ಕೋಶ, 4ರಿಂದ 6 ಮೈಕ್ರಾನ್. ಇನ್ನೊಂದು ಉದ್ದನೆಯ ಎಳೆ. ವಿದ್ಯಾರ್ಥಿಗಳು ಇದನ್ನು ಲ್ಯಾಬಿನಲ್ಲಿ ಒಂದು ಸಲವಾದರೂ ಕಣ್ಣಾರೆ ನೋಡಬೇಕು. ಸಣ್ಣ ಗಾಜಿನ ನಳಿಕೆಯಲ್ಲಿ ಅರ್ಧ ಎಂಎಲ್ ರಕ್ತದ ಸೀರಮ್ ಹಾಕಿ. ತಟ್ಟೆಯಲ್ಲಿ ಬೆಳೆದ ಯೀಸ್ಟನ್ನು ಕಡ್ಡಿಯ ತುದಿಯಲ್ಲಿ ಇಷ್ಟೇ ಇಷ್ಟು ತೆಗೆದು ಅದರಲ್ಲಿ ಅದ್ದಿ. 37 ಡಿಗ್ರಿಯಲ್ಲಿ ಎರಡು ಮೂರು ಗಂಟೆ ಇಡಿ. ಆಮೇಲೆ ಒಂದು ಹನಿ ಗಾಜಿನ ಪಟ್ಟಿ ಮೇಲೆ ಹಾಕಿ ನೋಡಿದರೆ, ದುಂಡನೆಯ ಕೋಶಗಳ ಒಂದು ಬದಿಯಿಂದ ನೆಟ್ಟಗಿನ ಕೊಳವೆ ಹೊರಟಿರುತ್ತದೆ. ಥೇಟ್ ಮೊಳಕೆ ಬಂದ ಹೆಸರುಕಾಳಿನ ಹಾಗೆ. ಬುಡದಲ್ಲಿ ಒಂದು ಚೂರೂ ಕತ್ತು ಹಿಸುಕಿದಂತೆ ಇರುವುದಿಲ್ಲ. ಆ ಗುರುತಿನ ಮೇಲೆಯೇ ಲ್ಯಾಬಿನವರು ಕ್ಯಾಂಡಿಡಾ ಆಲ್ಬಿಕನ್ಸ್ ಇರಬಹುದು ಅಂತ ಮೊದಲ ಅಂದಾಜು ಕಟ್ಟುವುದು.

ಈ ಎಳೆಯ ಅಗಲ ಎಷ್ಟು? ಸುಮಾರು 2 ಮೈಕ್ರಾನ್. ಡೆಂಟಿನ್ ಕೊಳವೆಯ ಅಗಲ 2.5 ಅಂದೆ, ನೆನಪಿದೆಯಾ? ದುಂಡನೆಯ ಕೋಶ ಅದರೊಳಗೆ ಸುಲಭವಾಗಿ ನುಸುಳುವುದಿಲ್ಲ. ಎಳೆ ನುಸುಳುತ್ತದೆ. ಟರ್ಕಿಯ ಶೆನ್ ಮತ್ತು ಸಂಗಡಿಗರು 1995ರಲ್ಲಿ ಸೋಂಕಾದ ಹಲ್ಲುಗಳನ್ನು ಸೀಳಿ ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ನೋಡಿದಾಗ ಬ್ಯಾಕ್ಟೀರಿಯಾ ಜೊತೆ ಶಿಲೀಂಧ್ರವೂ ಬೇರಿನ ಗೋಡೆಯಲ್ಲಿ ಕಂಡಿತು. ಆಮೇಲಿನ ಅವರ ಪ್ರಯೋಗಗಳಲ್ಲಿ ಈ ಯೀಸ್ಟ್ ಡೆಂಟಿನ್ ಮೇಲೆ ಚೆನ್ನಾಗಿ ಅಂಟಿಕೊಂಡು, ಎಳೆ ಬಿಟ್ಟು, ಕೊಳವೆಗಳ ಒಳಗೆ ಇಳಿಯಿತು.

ಹಾಗಂತ ಎಲ್ಲರ ರೂಟ್ ಕೆನಾಲ್‌ನಲ್ಲೂ ಯೀಸ್ಟ್ ಇದೆ ಅಂತ ಹೆದರಬೇಡಿ. ಫಿನ್‌ಲೆಂಡ್‌ನ ವಾಲ್ಟಿಮೊ ಮತ್ತು ಸಂಗಡಿಗರು 1997ರಲ್ಲಿ ಒಂದು ದೊಡ್ಡ ಲೆಕ್ಕ ಕೊಟ್ಟರು. ಚಿಕಿತ್ಸೆ ಮಾಡಿದರೂ ವಾಸಿಯಾಗದೆ ಉಳಿದ ಹಲ್ಲುಗಳಿಂದ ಬಂದ 967 ಮಾದರಿಗಳು. ಅದರಲ್ಲಿ 692ರಲ್ಲಿ ಏನಾದರೂ ಬೆಳೆಯಿತು. ಯೀಸ್ಟ್ ಸಿಕ್ಕಿದ್ದು 47ರಲ್ಲಿ. ಅಂದರೆ ಬೆಳೆದವುಗಳಲ್ಲಿ ಶೇಕಡಾ 7. ಅದರಲ್ಲಿ ಹೆಚ್ಚಿನವು ಕ್ಯಾಂಡಿಡಾ ಆಲ್ಬಿಕನ್ಸ್. ಸಣ್ಣ ಪಾಲು, ಒಪ್ಪುತ್ತೇನೆ. ಆದರೆ ಆ ನೂರರಲ್ಲಿ ಏಳು ಜನರ ಜಾಗದಲ್ಲಿ ನಿಂತು ನೋಡಿ. ಮೂರು ನಾಲ್ಕು ಸಲ ಕ್ಲಿನಿಕ್ಕಿಗೆ ಬಂದಿದ್ದಾರೆ, ಕಚ್ಚಿದರೆ ನೋವು, ವಸಡಿನಲ್ಲಿ ಗುಳ್ಳೆ, ಕೀವು ನಿಲ್ಲುತ್ತಿಲ್ಲ. ಡಾಕ್ಟರು ಮತ್ತೆ ಮತ್ತೆ ಅದೇ ಸುಣ್ಣ ಬದಲಿಸುತ್ತಿದ್ದಾರೆ. ಒಳಗಿರುವುದು ಸುಣ್ಣಕ್ಕೆ ಬಗ್ಗದ ಜೀವಿಯಾದರೆ, ಅದೇ ಔಷಧವನ್ನು ಎಷ್ಟು ಸಲ ಬದಲಿಸಿದರೆ ಏನು ಬಂತು?

ಅದೇ ಗುಂಪು 1999ರಲ್ಲಿ ನೇರವಾಗಿ ಈ ಪ್ರಶ್ನೆ ಕೇಳಿತು. ಬಾಯಿಯ ಬೇರೆ ಬೇರೆ ಕ್ಯಾಂಡಿಡಾ ಜಾತಿಗಳನ್ನು ಸುಣ್ಣದ ತಿಳಿನೀರಿನಲ್ಲಿ ಬಿಟ್ಟು, ಎಷ್ಟು ಹೊತ್ತಿಗೆ ಸಾಯುತ್ತವೆ ಅಂತ ನೋಡಿದರು. ಜೊತೆಗೆ ಎಂಟರೊಕಾಕಸ್ ಫೀಕಾಲಿಸ್ ಅನ್ನುವ ಬ್ಯಾಕ್ಟೀರಿಯಾವನ್ನೂ ಇಟ್ಟರು. ಸುಣ್ಣಕ್ಕೆ ತಡೆದುಕೊಳ್ಳುವುದರಲ್ಲಿ ರೂಟ್ ಕೆನಾಲ್ ಲೋಕದಲ್ಲಿ ಅದು ಹೆಸರುವಾಸಿ, ನಮ್ಮ ವಿದ್ಯಾರ್ಥಿಗಳು ಪರೀಕ್ಷೆಗೆ ಮೊದಲು ಓದುವುದೇ ಅದನ್ನು. ಫಲಿತಾಂಶ ಏನು ಗೊತ್ತಾ? ಕ್ಯಾಂಡಿಡಾಗಳು ಅದಕ್ಕೆ ಸಮನಾಗಿ, ಕೆಲವು ಅದಕ್ಕಿಂತ ಜಾಸ್ತಿ, ಸುಣ್ಣವನ್ನು ತಡೆದುಕೊಂಡವು. ಕ್ಯಾಂಡಿಡಾ ಆಲ್ಬಿಕನ್ಸ್ ಸಾಯಲು ಗಂಟೆಗಟ್ಟಲೆ ಬೇಕಾಯಿತು. ಅದೂ ಪಿಎಚ್ 12 ದಾಟಿದ ದ್ರವದಲ್ಲಿ ಪೂರ್ತಿ ಮುಳುಗಿದ್ದಾಗ.

ಅದೇ ವರ್ಷದ ಇನ್ನೊಂದು ಪ್ರಯೋಗದಲ್ಲಿ ಅವರು ನಾಲ್ಕು ಔಷಧಗಳನ್ನು ಹೋಲಿಸಿದರು. ಸೋಡಿಯಂ ಹೈಪೋಕ್ಲೋರೈಟ್ ಮತ್ತು ಅಯೋಡಿನ್ ದ್ರಾವಣ ಅರ್ಧ ನಿಮಿಷದಲ್ಲಿ ಯೀಸ್ಟನ್ನು ಕೊಂದವು. ಕ್ಲೋರ್‌ಹೆಕ್ಸಿಡಿನ್‌ಗೆ ಕೆಲವು ನಿಮಿಷ ಬೇಕಾಯಿತು. ಸುಣ್ಣ ಮಾತ್ರ ಹಿಂದೆ ಉಳಿಯಿತು. ಇಲ್ಲಿ ಒಂದು ವಿಷಯ ಗಮನಿಸಿ. ಹೈಪೋಕ್ಲೋರೈಟ್ ಕೂಡ ಕ್ಷಾರವೇ, ಅದರ ಪಿಎಚ್ 11ರಿಂದ 12. ಆದರೆ ಅದು ಕೊಲ್ಲುವುದು ಕ್ಷಾರದಿಂದ ಅಲ್ಲ, ಕ್ಲೋರಿನ್‌ನಿಂದ. ಅಂದರೆ ಬರೀ ಕ್ಷಾರವನ್ನು ಈ ಯೀಸ್ಟ್ ತಡೆದುಕೊಳ್ಳುತ್ತದೆ. ಅದರ ಜೊತೆ ಬೇರೆ ಆಯುಧ ಇದ್ದರೆ ತಡೆದುಕೊಳ್ಳುವುದಿಲ್ಲ.

ಯಾಕೆ ಹೀಗೆ? ನನಗೆ ಈ ವಿಷಯದಲ್ಲಿ ತುಂಬ ಇಷ್ಟವಾಗುವ ಭಾಗ ಇದು.

ಕ್ಯಾಂಡಿಡಾ ನಮ್ಮ ಮೈಯಲ್ಲಿ ಎಲ್ಲೆಲ್ಲಿ ಬದುಕುತ್ತದೆ ನೋಡಿ. ಹೆಂಗಸರ ಯೋನಿಯಲ್ಲಿ ಪಿಎಚ್ 4ರ ಸುತ್ತಮುತ್ತ, ಹುಳಿ. ಬಾಯಲ್ಲಿ 7ರ ಹತ್ತಿರ. ರಕ್ತಕ್ಕೆ ಇಳಿದರೆ 7.4. ಹುಳಿಯಿಂದ ಕ್ಷಾರದ ತನಕ ಎಲ್ಲ ಕಡೆ ಅದಕ್ಕೆ ಮನೆ. ಲ್ಯಾಬಿನಲ್ಲಂತೂ ಪಿಎಚ್ 2ರಿಂದ 10ರ ತನಕ ಅದು ಬೆಳೆಯುತ್ತದೆ. ಹೀಗೆ ಬದುಕಬೇಕಾದರೆ ಸುತ್ತಲಿನ ಪಿಎಚ್ ಎಷ್ಟು ಅಂತ ಅದಕ್ಕೆ ಗೊತ್ತಾಗಬೇಕು, ಗೊತ್ತಾದ ಮೇಲೆ ಅದಕ್ಕೆ ತಕ್ಕಂತೆ ಮೈ ಬದಲಿಸಬೇಕು. ಎರಡನ್ನೂ ಅದು ಮಾಡುತ್ತದೆ.

ಕೋಶದ ಮೇಲ್ಪೊರೆಯಲ್ಲಿ ಪಿಎಚ್ ಗುರುತಿಸುವ ಪ್ರೋಟೀನ್‌ಗಳಿವೆ. ಹೊರಗೆ ಕ್ಷಾರ ಏರಿದರೆ ಅವು ಒಳಗೆ ಸುದ್ದಿ ಕಳಿಸುತ್ತವೆ. ಕೊನೆಗೆ ರಿಮ್101 ಅನ್ನುವ ಪ್ರೋಟೀನಿನ ಬಾಲ ಕತ್ತರಿಸಲ್ಪಡುತ್ತದೆ. ಬಾಲ ಕಳೆದುಕೊಂಡ ರಿಮ್101 ಕೋಶದ ಕೇಂದ್ರಕ್ಕೆ ಹೋಗಿ ಕೆಲವು ಜೀನ್‌ಗಳನ್ನು ಚಾಲೂ ಮಾಡುತ್ತದೆ, ಕೆಲವನ್ನು ಬಂದ್ ಮಾಡುತ್ತದೆ. ಅದರಲ್ಲಿ ಒಂದು ಜೋಡಿ ಬಹಳ ಚೆಂದ. ಪಿಎಚ್‌ಆರ್1 ಅನ್ನುವ ಜೀನ್ ಪಿಎಚ್ 5.5ರ ಮೇಲೆ ಕೆಲಸ ಮಾಡುತ್ತದೆ. ಪಿಎಚ್‌ಆರ್2 ಅದರ ಕೆಳಗೆ. ಎರಡರ ಕೆಲಸವೂ ಒಂದೇ: ಕೋಶದ ಗೋಡೆಯಲ್ಲಿರುವ ಗ್ಲುಕಾನ್ ಎಳೆಗಳನ್ನು ಒಂದಕ್ಕೊಂದು ಬೆಸೆಯುವುದು. ಹುಳಿಯಲ್ಲಿ ಗೋಡೆ ಕಟ್ಟಲು ಒಬ್ಬ, ಕ್ಷಾರದಲ್ಲಿ ಕಟ್ಟಲು ಇನ್ನೊಬ್ಬ. ಪಿಎಚ್‌ಆರ್1 ತೆಗೆದುಹಾಕಿದ ಯೀಸ್ಟ್ ಇಲಿಗಳ ರಕ್ತದಲ್ಲಿ ರೋಗ ತರಲಿಲ್ಲ, ಯೋನಿಯಲ್ಲಿ ತಂದಿತು. ಪಿಎಚ್‌ಆರ್2 ತೆಗೆದಾಗ ಪೂರ್ತಿ ಉಲ್ಟಾ. 1998ರಲ್ಲಿ ಬಂದ ಈ ಫಲಿತಾಂಶ ಓದಿದಾಗೆಲ್ಲ ನನಗೆ ಆಶ್ಚರ್ಯ ಮೂಡುತ್ತದೆ. ಕಣ್ಣಿಗೆ ಕಾಣದ ಒಂದು ಕೋಶ ತಾನಿರುವ ಜಾಗದ ರುಚಿ ನೋಡಿ, ಅದಕ್ಕೆ ಸರಿಯಾಗಿ ಗೋಡೆ ಕಟ್ಟುವವರನ್ನೇ ಬದಲಿಸುತ್ತದೆ!

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ. ಕ್ಷಾರದ ಕಡೆಗೆ ವಾಲಿದ ಪಿಎಚ್ ಈ ಯೀಸ್ಟಿಗೆ ಎಳೆ ಬಿಡಲು ಒಂದು ಸೂಚನೆ. ಹುಳಿಯಲ್ಲಿ ಅದು ಹೆಚ್ಚಾಗಿ ದುಂಡಗೆ ಇರುತ್ತದೆ, 7 ದಾಟಿದರೆ ಎಳೆ ಬಿಡಲು ಶುರು ಮಾಡುತ್ತದೆ. ಸಕ್ಕರೆ ಕಡಿಮೆ ಇರುವ ಕಡೆ ಅಮೈನೋ ಆಮ್ಲಗಳನ್ನು ತಿಂದು, ಅಮೋನಿಯಾ ಬಿಟ್ಟು, ಸುತ್ತಲಿನ ಪಿಎಚ್‌ ಅನ್ನು ತಾನೇ ಮೇಲೇರಿಸಿಕೊಂಡು ಎಳೆ ಬಿಡುತ್ತದೆ ಅಂತಲೂ 2011ರಲ್ಲಿ ತೋರಿಸಿದ್ದಾರೆ. ಅಂದರೆ ಮಿತವಾದ ಕ್ಷಾರ ಅದಕ್ಕೆ ಪೆಟ್ಟಲ್ಲ, ಕರೆ.

ಇಲ್ಲಿ ಒಂದು ತಪ್ಪು ತಿಳುವಳಿಕೆ ಆಗಬಾರದು. ಪಿಎಚ್ 12.5ರ ಸುಣ್ಣದಲ್ಲಿ ಕ್ಯಾಂಡಿಡಾ ಎಳೆ ಬಿಟ್ಟು ಖುಷಿಯಾಗಿ ಬೆಳೆಯುತ್ತದೆ ಅಂತಲ್ಲ. ಅಲ್ಲಿ ಅದು ಸಾಯುತ್ತದೆ, ಆದರೆ ನಿಧಾನಕ್ಕೆ. ಗ್ಲುಕಾನ್, ಕೈಟಿನ್, ಅದರ ಮೇಲೆ ಮ್ಯಾನನ್ ಹೀಗೆ ಪದರ ಪದರವಾಗಿ ಕಟ್ಟಿದ ದಪ್ಪ ಗೋಡೆ ಅದಕ್ಕೆ ಹೊತ್ತು ಕೊಡುತ್ತದೆ. ನಿಜವಾದ ಪ್ರಶ್ನೆ ಬೇರೆ: ಹಲ್ಲಿನ ಒಳಗೆ ಅಡಗಿರುವ ಯೀಸ್ಟಿಗೆ ಆ 12.5 ತಲುಪುತ್ತದಾ?

ತಲುಪುವುದಿಲ್ಲ. ಆಸ್ಟ್ರೇಲಿಯಾದ ನರ್ವಿಚ್, ಫಿಗ್ಡರ್, ಮೆಸ್ಸರ್ 1993ರಲ್ಲಿ ಇದನ್ನು ಅಳೆದರು. ಕಿತ್ತ ಹಲ್ಲುಗಳ ಬೇರಿಗೆ ಸುಣ್ಣ ತುಂಬಿ, ಬೇರಿನ ಗೋಡೆಯಲ್ಲಿ ಒಳಗೆ ಒಂದು ಕಡೆ, ಹೊರಗೆ ಒಂದು ಕಡೆ ಪಿಎಚ್ ನೋಡುತ್ತಾ ಹೋದರು. ತಿರುಳು ಇದ್ದ ಕಾಲುವೆಗೆ ಹತ್ತಿರದ ಒಳ ಡೆಂಟಿನ್‌ನಲ್ಲಿ ಕೆಲವೇ ಗಂಟೆಗಳಲ್ಲಿ ಪಿಎಚ್ ಏರಿತು. ಬೇರಿನ ಕತ್ತಿನ ಕಡೆ 10.8ರ ತನಕ, ತುದಿಯ ಕಡೆ 9.7ರ ತನಕ. ಹೊರ ಡೆಂಟಿನ್‌ನಲ್ಲಿ ಏರಲು ಶುರುವಾಗುವುದಕ್ಕೇ ಒಂದರಿಂದ ಏಳು ದಿನ ಬೇಕಾಯಿತು. ಎರಡು ಮೂರು ವಾರಕ್ಕೆ ಅದು ಮುಟ್ಟಿದ್ದು ಬರೀ 9ರ ಮೇಲೆ ಚೂರು.

12.5ಕ್ಕೂ 9.5ಕ್ಕೂ ಮೂರೇ ವ್ಯತ್ಯಾಸ ಅಂತ ಅನ್ನಿಸಬಹುದು. ಪಿಎಚ್ ಅಳತೆಯಲ್ಲಿ ಒಂದೊಂದು ಅಂಕಿಗೂ ಹತ್ತು ಪಟ್ಟು. ಮೂರು ಅಂಕಿ ಇಳಿದರೆ ಸಾವಿರ ಪಟ್ಟು ಇಳಿದ ಹಾಗೆ. ಸಿರಿಂಜಿನಲ್ಲಿದ್ದ ಸುಣ್ಣದ ಶಕ್ತಿಯಲ್ಲಿ ಸಾವಿರದಲ್ಲಿ ಒಂದು ಪಾಲು ಮಾತ್ರ ಅಲ್ಲಿ ಉಳಿದಿರುತ್ತದೆ. ಪಿಎಚ್ 10ರ ತನಕ ಬೆಳೆಯಬಲ್ಲ ಜೀವಿಗೆ 9.5 ಯಾವ ಲೆಕ್ಕ? ಎಂಟರೊಕಾಕಸ್ ಕತೆಯೂ ಹೀಗೇ ಇದೆ. ಪಿಎಚ್ 11.1ರ ತನಕ ಅದು ಬದುಕುತ್ತದೆ, 11.5ಕ್ಕೆ ಸಾಯುತ್ತದೆ ಅಂತ 2002ರಲ್ಲಿ ತೋರಿಸಿದರು. ಡೆಂಟಿನ್ ಒಳಗೆ 11.5 ಸಿಗುವುದೇ ಕಷ್ಟ.

ಕ್ಷಾರವನ್ನು ಇಳಿಸುವವರು ಯಾರು? ಹಲ್ಲೇ. ಡೆಂಟಿನ್‌ನಲ್ಲಿರುವ ಖನಿಜ, ಹೈಡ್ರಾಕ್ಸಿಅಪಟೈಟ್, ಹುಳಿ ಬಂದರೂ ಕ್ಷಾರ ಬಂದರೂ ಅದನ್ನು ಹೀರಿ ತಟಸ್ಥ ಮಾಡುತ್ತದೆ. ಹಲ್ಲಿಗೆ ಅದು ರಕ್ಷಣೆ, ನಮ್ಮ ಔಷಧಕ್ಕೆ ಅಡ್ಡಿ. 2000ದಲ್ಲಿ ಹಾಪಸಾಲೊ ಮತ್ತು ಸಂಗಡಿಗರು ಸುಣ್ಣದ ದ್ರಾವಣಕ್ಕೆ ಡೆಂಟಿನ್ ಪುಡಿ ಬೆರೆಸಿ ನೋಡಿದರು. ಎಂಟರೊಕಾಕಸ್ ಮೇಲೆ ಸುಣ್ಣದ ಪರಿಣಾಮವೇ ಹೊರಟುಹೋಯಿತು. ಟೆಸ್ಟ್ ಟ್ಯೂಬಿನ ಲೆಕ್ಕ ತಗೊಂಡು ಹಲ್ಲಿನ ಬಗ್ಗೆ ಮಾತಾಡುವಾಗ ನಾವು ಎಷ್ಟು ಎಚ್ಚರ ಇರಬೇಕು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ನನಗೆ ಗೊತ್ತಿಲ್ಲ.

ಹಾಗಾದರೆ ಸುಣ್ಣ ಬಿಟ್ಟುಬಿಡೋಣವೇ? ಬೇಡ. ಬ್ರೆಜಿಲ್‌ನ ಸಿಕೇರಾ ಮತ್ತು ಸಂಗಡಿಗರು 2003ರಲ್ಲಿ ಡೆಂಟಿನ್ ತುಂಡುಗಳಿಗೆ ಕ್ಯಾಂಡಿಡಾ ಹತ್ತಿಸಿ ಬೇರೆ ಬೇರೆ ಪೇಸ್ಟ್‌ಗಳನ್ನು ಪರೀಕ್ಷಿಸಿದರು. ಗ್ಲಿಸರಿನ್‌ನಲ್ಲಿ ಕಲಸಿದ ಬರೀ ಸುಣ್ಣಕ್ಕೆ ಯೀಸ್ಟನ್ನು ಪೂರ್ತಿ ಹೊರಹಾಕಲು ಏಳು ದಿನ ಬೇಕಾಯಿತು. ಅದೇ ಸುಣ್ಣಕ್ಕೆ ಕರ್ಪೂರ ಬೆರೆತ ಕ್ಲೋರೊಫೀನಾಲ್ ಸೇರಿಸಿದಾಗ ಒಂದು ಗಂಟೆ ಸಾಕಾಯಿತು. ಕ್ಲೋರ್‌ಹೆಕ್ಸಿಡಿನ್ ಮತ್ತು ಜಿಂಕ್ ಆಕ್ಸೈಡ್ ಪೇಸ್ಟಿಗೂ ಅಷ್ಟೇ ಸಾಕಾಯಿತು. ಅಂದರೆ ಸುಣ್ಣ ಯೀಸ್ಟಿನ ಮೇಲೆ ಸೋತ ಔಷಧವಲ್ಲ, ನಿಧಾನದ ಔಷಧ. ಹೊತ್ತು ಸಿಗಬೇಕು, ಪೇಸ್ಟ್ ಬೇರಿನ ಉದ್ದಕ್ಕೂ ಗೋಡೆಗೆ ತಾಗಿರಬೇಕು, ಮೇಲಿನ ಮುಚ್ಚಳ ಭದ್ರವಾಗಿರಬೇಕು. ಮೂರರಲ್ಲಿ ಒಂದು ತಪ್ಪಿದರೂ ಯೀಸ್ಟ್ ಉಳಿಯುತ್ತದೆ.

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಯೀಸ್ಟಿನ ವಿಷಯದಲ್ಲಿ ಗೆಲ್ಲುವುದು ಸುಣ್ಣ ತುಂಬುವ ಹೊತ್ತಿನಲ್ಲಿ ಅಲ್ಲ, ಅದಕ್ಕೆ ಮೊದಲು ತೊಳೆಯುವ ಹೊತ್ತಿನಲ್ಲಿ. ಹೈಪೋಕ್ಲೋರೈಟನ್ನು ಧಾರಾಳವಾಗಿ, ಮತ್ತೆ ಮತ್ತೆ ಹೊಸದಾಗಿ ಹಾಕಬೇಕು. ಅದು ಸತ್ತ ತಿರುಳನ್ನು ಕರಗಿಸುತ್ತದೆ, ಯೀಸ್ಟನ್ನೂ ಬೇಗ ಕೊಲ್ಲುತ್ತದೆ. ಫೈಲ್ ಉಜ್ಜಿದಾಗ ಗೋಡೆಯ ಮೇಲೆ ಒಂದು ಕೊಳೆ ಪದರ ಮೆತ್ತಿಕೊಂಡು ಕೊಳವೆಗಳ ಬಾಯಿ ಮುಚ್ಚುತ್ತದೆ, ಅದಕ್ಕೆ ಸ್ಮಿಯರ್ ಲೇಯರ್ ಅನ್ನುತ್ತೇವೆ. ಅದನ್ನು ತೆಗೆಯಲು 17 ಪರ್ಸೆಂಟ್ ಇಡಿಟಿಎ ಬಳಸುತ್ತೇವೆ. ಇಡಿಟಿಎ ಕ್ಯಾಲ್ಸಿಯಂ ಹಿಡಿದು ಎಳೆಯುವ ವಸ್ತು. ಯೀಸ್ಟಿಗೆ ಅಂಟಿಕೊಳ್ಳಲು, ಎಳೆ ಬಿಡಲು ಕ್ಯಾಲ್ಸಿಯಂ ಬೇಕು. ಹಾಗಾಗಿ ಇಡಿಟಿಎ ತಾನೇ ಯೀಸ್ಟಿನ ಬೆಳವಣಿಗೆಯನ್ನು ತಡೆಯುತ್ತದೆ ಅಂತ ಪ್ರಯೋಗಗಳಲ್ಲಿ ಕಂಡಿದೆ. ಸುಣ್ಣ ಇದಕ್ಕೆ ವಿರುದ್ಧ, ಕ್ಯಾಲ್ಸಿಯಂ ಕೊಡುತ್ತದೆ. ಯೀಸ್ಟ್ ಸುಣ್ಣಕ್ಕೆ ಬಗ್ಗದಿರಲು ಇದೂ ಒಂದು ಕಾರಣ ಇರಬಹುದು ಎಂದು ಊಹಿಸಿದವರಿದ್ದಾರೆ.

ವಿದ್ಯಾರ್ಥಿಗಳಿಗೆ ಒಂದು ಎಚ್ಚರಿಕೆ. ಹೈಪೋಕ್ಲೋರೈಟ್ ಇರುವಾಗಲೇ ಕ್ಲೋರ್‌ಹೆಕ್ಸಿಡಿನ್ ಹಾಕಬೇಡಿ. ಎರಡೂ ಸೇರಿದರೆ ಕಂದು ಬಣ್ಣದ ಗಸಿ ಕೂತು ಕೊಳವೆಗಳ ಬಾಯಿ ಮುಚ್ಚುತ್ತದೆ. ನಡುವೆ ಸಲೈನ್‌ನಿಂದ ತೊಳೆದು, ಪೇಪರ್ ಪಾಯಿಂಟ್‌ನಿಂದ, ಅಂದರೆ ಹೀರುವ ಕಾಗದದ ಸಣ್ಣ ಕಡ್ಡಿಯಿಂದ, ಒಣಗಿಸಿ. ರಬ್ಬರ್ ಡ್ಯಾಮ್, ಅಂದರೆ ಎಂಜಲು ತಾಗದಂತೆ ಹಲ್ಲಿನ ಸುತ್ತ ಹಾಕುವ ರಬ್ಬರ್ ಹಾಳೆ, ಕಟ್ಟದೆ ಕೆಲಸ ಶುರು ಮಾಡಲೇಬೇಡಿ. ರೋಗಿಯ ಎಂಜಲು ಬೇರಿನೊಳಗೆ ಇಳಿದರೆ, ನೀವೇ ಕೈಯಾರೆ ಯೀಸ್ಟನ್ನು ಒಳಗೆ ಬಿಟ್ಟ ಹಾಗೆ. ಎಂಜಲಿನಲ್ಲಿ ಯೀಸ್ಟ್ ಇರುವವರ ರೂಟ್ ಕೆನಾಲ್‌ನಲ್ಲೇ ಯೀಸ್ಟ್ ಸಿಗುವುದು ಜಾಸ್ತಿ ಅಂತ ಇಂಗ್ಲೆಂಡಿನಲ್ಲಿ ಮಾಡಿದ ಅಧ್ಯಯನವೊಂದು 2002ರಲ್ಲಿ ತೋರಿಸಿದೆ.

ಇನ್ನು ನಿಮ್ಮ ಕಡೆಯ ಮಾತು. ಮೊದಲ ದಿನ ನರ ತೆಗೆದ ಮೇಲೆ ನೋವು ಹೋಗುತ್ತದೆ. ನೋವು ಹೋಯಿತಲ್ಲ ಅಂತ ಎಷ್ಟೋ ಜನ ಎರಡನೇ ಸಲ ಬರುವುದೇ ಇಲ್ಲ. ಮಗಳ ಮದುವೆ, ಕೊಯ್ಲು, ಮಕ್ಕಳ ಪರೀಕ್ಷೆ, ಕಾರಣಗಳು ನನಗೂ ಅರ್ಥವಾಗುತ್ತವೆ. ಆದರೆ ಒಳಗೆ ಏನಾಗುತ್ತಿರುತ್ತದೆ ಕೇಳಿ. ಟೆಂಪರರಿ ಸಿಮೆಂಟ್ ಕನಿಷ್ಠ ಮೂರೂವರೆ ಮಿಲಿಮೀಟರ್ ದಪ್ಪ ಇದ್ದರೂ ಅದು ಕೆಲವು ವಾರಗಳ ಮಟ್ಟಿಗೆ ಮಾಡಿದ್ದು. ಚಕ್ಕುಲಿ, ನಿಪ್ಪಟ್ಟು ಕಡಿದು ಅದು ಸವೆಯುತ್ತದೆ, ಅಂಚಿನಲ್ಲಿ ಬಿರುಕು ಬಿಡುತ್ತದೆ. ಎಂಜಲು ಇಳಿಯಲು ಶುರುವಾಗುತ್ತದೆ. ಸುಣ್ಣ ತೊಳೆದುಹೋಗುತ್ತದೆ. ಉಳಿದದ್ದು ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಕ್ಯಾಲ್ಸಿಯಂ ಕಾರ್ಬೊನೇಟ್ ಆಗುತ್ತದೆ. ಗೋಡೆಗೆ ಬಳಿದ ಸುಣ್ಣ ಒಣಗಿ ಗಟ್ಟಿಯಾಗುವಾಗ ನಡೆಯುವುದೂ ಇದೇ. ಕಾರ್ಬೊನೇಟ್ ಆದ ಸುಣ್ಣಕ್ಕೆ ಕೊಲ್ಲುವ ಶಕ್ತಿ ಇಲ್ಲ. ಪಿಎಚ್ ಇಳಿಯುತ್ತಾ ಇಳಿಯುತ್ತಾ ಯೀಸ್ಟಿಗೆ ಹಿತವಾದ ಮಟ್ಟಕ್ಕೆ ಬರುತ್ತದೆ. ಎಂಜಲಿನ ಜೊತೆ ಹೊಸ ಯೀಸ್ಟೂ ಬರುತ್ತದೆ, ಅದಕ್ಕೆ ತಿನ್ನಲು ಸಕ್ಕರೆಯೂ ಬರುತ್ತದೆ.

ಮೇಲಾಗಿ, ವರ್ಷಗಟ್ಟಲೆ ಸುಣ್ಣ ಒಳಗಿದ್ದರೆ ಹಲ್ಲಿನ ಬೇರೇ ದುರ್ಬಲ ಆಗುತ್ತದೆ. 2002ರಲ್ಲಿ ಡೆನ್ಮಾರ್ಕಿನ ಆಂಡ್ರಿಯಾಸನ್ ಮತ್ತು ಸಂಗಡಿಗರು ಕುರಿಯ ಹಲ್ಲುಗಳಲ್ಲಿ ಇದನ್ನು ಪರೀಕ್ಷಿಸಿದಾಗ, ಸುಮಾರು ಒಂದು ವರ್ಷದಲ್ಲಿ ಬೇರಿನ ಬಲ ಅರ್ಧಕ್ಕೆ ಇಳಿಯಬಹುದು ಅಂತ ಕಂಡಿತು. ಹಾಗಾಗಿ "ಔಷಧ ಇದೆಯಲ್ಲ, ನಿಧಾನಕ್ಕೆ ಹೋದರಾಯಿತು" ಅನ್ನುವ ಮಾತು ಬೇಡ. ವಾರ ಅಂದರೆ ವಾರ, ಹೆಚ್ಚೆಂದರೆ ಡಾಕ್ಟರು ಹೇಳಿದ ಎರಡು ಮೂರು ವಾರ. ಟೆಂಪರರಿ ಬಿದ್ದುಹೋದರೆ ಅಪಾಯಿಂಟ್‌ಮೆಂಟ್ ದಿನಕ್ಕೆ ಕಾಯದೆ ಫೋನ್ ಮಾಡಿ.

ಕೆಲವು ಪ್ರಶ್ನೆಗಳು.

ಹಿರಿಯರೊಬ್ಬರು ಕೇಳಿದರು: "ಡಾಕ್ಟ್ರೇ, ಹಾಗಾದ್ರೆ ಎಲೆ ಅಡಿಕೆ ಸುಣ್ಣಾನೇ ಹಲ್ಲಿನ ತೂತಿಗೆ ಇಟ್ಕೊಂಡ್ರೆ ಆಗಲ್ವಾ?" ದಯವಿಟ್ಟು ಹಾಗೆ ಮಾಡಬೇಡಿ. ಕ್ಲಿನಿಕ್ಕಿನಲ್ಲಿ ನಾವು ಅದನ್ನು ತೊಳೆದ ಬೇರಿನ ಒಳಗೆ, ವಸಡಿಗೆ ತಾಗದ ಹಾಗೆ ಇಡುತ್ತೇವೆ. ನೀವು ಹಲ್ಲಿನ ತೂತಿಗೆ ಒತ್ತಿದರೆ ಅದು ವಸಡು, ಕೆನ್ನೆ, ನಾಲಿಗೆಗೆ ತಾಗಿ ಸುಡುತ್ತದೆ. ಸೋಂಕು ಇರುವ ಆಳಕ್ಕಂತೂ ಹೋಗುವುದೇ ಇಲ್ಲ. ಅಡಿಕೆಯಿಂದ ಬಾಯಿ ಬಿಗಿದುಕೊಳ್ಳುವ ಕಾಯಿಲೆ, ಬಾಯಿ ಕ್ಯಾನ್ಸರ್ ಬರುತ್ತವೆ ಅನ್ನುವುದನ್ನು ಇದರ ಜೊತೆಗೇ ಹೇಳಿಬಿಡುತ್ತೇನೆ.

ಒಬ್ಬ ಅಮ್ಮ ಕೇಳಿದರು: ಸಕ್ಕರೆ ಕಾಯಿಲೆ ಇರುವವರು ರೂಟ್ ಕೆನಾಲ್ ಮಾಡಿಸಬಹುದಾ? ಖಂಡಿತ ಮಾಡಿಸಬಹುದು, ಮಾಡಿಸಬೇಕು. ಆದರೆ ಸಕ್ಕರೆ ಎಷ್ಟಿದೆ ಅಂತ ಡಾಕ್ಟರಿಗೆ ಮೊದಲೇ ಹೇಳಿ. ಇನ್‌ಹೇಲರ್ ಬಳಸುತ್ತಿದ್ದರೆ ಅದನ್ನೂ, ಹಲ್ಲಿನ ಸೆಟ್ ಇದ್ದರೆ ಅದನ್ನೂ ಹೇಳಿ. ನಾಲಿಗೆ ಮೇಲೆ, ಅಂಗುಳಿನಲ್ಲಿ ಬಿಳಿ ಪದರ ಕಂಡರೆ ನಾವು ಮೊದಲು ಅದಕ್ಕೆ ಔಷಧ ಕೊಡುತ್ತೇವೆ. ಬಾಯಿ ತುಂಬ ಯೀಸ್ಟ್ ಇಟ್ಟುಕೊಂಡು ಬೇರಿನೊಳಗೆ ಮಾತ್ರ ಕೊಲ್ಲುತ್ತೇವೆ ಅಂದರೆ ಆಗುವುದಿಲ್ಲ.

ವಿದ್ಯಾರ್ಥಿಯೊಬ್ಬರು ಟ್ರಿಪಲ್ ಆಂಟಿಬಯೋಟಿಕ್ ಪೇಸ್ಟ್ ಬಗ್ಗೆ ಕೇಳಿದರು. ಸಿಪ್ರೊಫ್ಲಾಕ್ಸಾಸಿನ್, ಮೆಟ್ರೊನಿಡಜೋಲ್, ಮಿನೊಸೈಕ್ಲಿನ್ ಮೂರೂ ಬ್ಯಾಕ್ಟೀರಿಯಾದ ವಿರುದ್ಧ ಮಾಡಿದವು. ಒಳಗಿರುವುದು ಯೀಸ್ಟ್ ಅಂತ ಅನುಮಾನ ಇದ್ದರೆ ಅದು ಸರಿಯಾದ ಆಯ್ಕೆ ಅಲ್ಲ. ಪೈಪೋಟಿಗಿದ್ದ ಬ್ಯಾಕ್ಟೀರಿಯಾ ಹೋಗಿ ಯೀಸ್ಟಿಗೆ ಜಾಗ ಸಿಗುತ್ತದೆ.

ಇನ್ನೊಬ್ಬರ ಪ್ರಶ್ನೆ: ಒಂದೇ ಸಿಟ್ಟಿಂಗಿನಲ್ಲಿ ಮುಗಿಸುವುದು ಒಳ್ಳೆಯದಾ, ಸುಣ್ಣ ಇಟ್ಟು ಎರಡು ಸಿಟ್ಟಿಂಗ್ ಒಳ್ಳೆಯದಾ? ತಿರುಳು ಇನ್ನೂ ಜೀವಂತ ಇದ್ದ ಹಲ್ಲಿಗೆ ಒಂದೇ ಸಿಟ್ಟಿಂಗ್ ನನಗೆ ಸಮಾಧಾನ. ಕೀವು ಸೋರುತ್ತಿರುವ, ಅಥವಾ ಹಿಂದೆ ರೂಟ್ ಕೆನಾಲ್ ಆಗಿ ಮತ್ತೆ ಕೆಟ್ಟ ಹಲ್ಲಾದರೆ ನಾನು ಎರಡು ಸಿಟ್ಟಿಂಗ್ ಮಾಡುತ್ತೇನೆ. ಎರಡನೇ ದಿನ ಸುಣ್ಣವನ್ನು ಹೊರತೆಗೆದು ನೇರ ಫಿಲ್ಲಿಂಗ್‌ಗೆ ಹೋಗುವುದಿಲ್ಲ. ಮೊದಲ ದಿನದಷ್ಟೇ ಹೊತ್ತು ಹೈಪೋಕ್ಲೋರೈಟ್ ಹಾಕಿ ಮತ್ತೆ ತೊಳೆಯುತ್ತೇನೆ, ಕೊನೆಯಲ್ಲಿ ಇಡಿಟಿಎ. ಎರಡು ಸಲ ಸುಣ್ಣ ಇಟ್ಟರೂ ಕೀವು ನಿಲ್ಲದಿದ್ದರೆ ಮೂರನೇ ಸಲ ಅದನ್ನೇ ಇಡುವುದಿಲ್ಲ. ಪೇಪರ್ ಪಾಯಿಂಟ್‌ನಲ್ಲಿ ಮಾದರಿ ತೆಗೆದು ಲ್ಯಾಬಿಗೆ ಕಳಿಸುತ್ತೇನೆ. ಕಳಿಸುವಾಗ ಚೀಟಿಯ ಮೇಲೆ "ಫಂಗಲ್ ಕಲ್ಚರ್ ಕೂಡ" ಅಂತ ಬರೆಯಿರಿ. ಹಾಗೆ ಬರೆಯದಿದ್ದರೆ ಎಷ್ಟೋ ಕಡೆ ಬ್ಯಾಕ್ಟೀರಿಯಾ ಮಾತ್ರ ಬೆಳೆಸಿ ನೋಡುತ್ತಾರೆ.